ಕ್ಲಿಪ್ ಹಾಕಿಸುವ ಮೊದಲು ದವಡೆ ಕೀಲು ನೋಡಬೇಕಾ? ಉದ್ದ ಮುಖಕ್ಕೂ ಕೀಲಿಗೂ ಏನು ಸಂಬಂಧ?

ಕಿನ್ನಿಮೂಲ್ಕಿ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳಿಗೆ 13 ವರ್ಷ. ಮೇಲಿನ ಹಲ್ಲು ಮುಂದೆ ಬಂದಿದೆ, ಗದ್ದ ಸ್ವಲ್ಪ ಹಿಂದೆ ಇದೆ, ಮುಖ ಉದ್ದ. ನನ್ನ ಗಂಡನ ಮನೆ ಕಡೆ ಎಲ್ಲರದ್ದೂ ಹೀಗೇ. ಕ್ಲಿಪ್ ಹಾಕಿಸೋಣ ಅಂತ ಉಡುಪಿಯಲ್ಲೇ ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದೆವು. ಹಲ್ಲಿನ ಅಚ್ಚು ತೆಗೆದುಕೊಂಡರು, ಫೀಸು ಹೇಳಿದರು, ಮುಂದಿನ ವಾರವೇ ಶುರು ಮಾಡೋಣ ಎಂದರು. ದವಡೆ ಮುಟ್ಟಿಯೂ ನೋಡಲಿಲ್ಲ.

ಸಮಾಧಾನ ಆಗದೆ ಇನ್ನೊಬ್ಬ ಡಾಕ್ಟ್ರ ಹತ್ತಿರ ತೋರಿಸಿದೆವು. ಅವರು ಮೊದಲು ಮಗಳ ಎರಡೂ ಕಿವಿಯ ಮುಂದೆ ಬೆರಳಿಟ್ಟು, "ಬಾಯಿ ತೆರಿ ಮಗಾ, ನಿಧಾನ ಮುಚ್ಚು" ಎಂದರು. ಎಡಗಡೆ ಟಕ್ ಅಂತ ಸಣ್ಣ ಸದ್ದು. ನನ್ನ ಬೆರಳನ್ನೂ ಅಲ್ಲೇ ಇಡಿಸಿದರು, ನನಗೂ ಗೊತ್ತಾಯಿತು. ಎಕ್ಸ್‌ರೇಯಲ್ಲಿ ಎರಡೂ ಕಡೆ ಕಾಂಡೈಲ್, ಅಂದರೆ ಕೀಲಿನ ಗುಂಡು, ಸ್ವಲ್ಪ ಸಪೂರ ಕಾಣುತ್ತದೆ, ಉದ್ದ ಮುಖದವರಲ್ಲಿ ಇದು ಜಾಸ್ತಿ, ಕೀಲನ್ನು ಸರಿಯಾಗಿ ನೋಡಿಯೇ ಮುಂದುವರಿಯೋಣ ಎಂದರು.

ಮಗಳಿಗೆ ನೋವಿಲ್ಲ. ಊಟ, ಮಾತು ಎಲ್ಲ ಸರಿ ಇದೆ. ಈಗ ಮನೆಯಲ್ಲಿ ಎರಡು ಮಾತು. "ಸುಮ್ನೆ ಹೆದರಿಸುತ್ತಾರೆ" ಎಂದು ಇವರು ಹೇಳುತ್ತಾರೆ. ನನಗೆ ಅರ್ಥ ಮಾಡಿಕೊಳ್ಳಬೇಕು. ಮುಖದ ಆಕಾರಕ್ಕೂ ಆ ಕೀಲಿಗೂ ನಿಜವಾಗಿ ಸಂಬಂಧ ಇದೆಯಾ? ಕೀಲು ಸಪೂರ ಇದ್ದರೆ ಕ್ಲಿಪ್ ಹಾಕಬಾರದಾ? ತಿಳಿದವರು ಹೇಳಿ.

ದೇರಳಕಟ್ಟೆ ಕ್ಲಿಪ್ ಡಾಕ್ಟ್ರು

ಅಮ್ಮಾ, ನಿಮ್ಮ ಎರಡನೇ ಡಾಕ್ಟ್ರು ಮಾಡಿದ್ದು ಸರಿ. ನಾನು ಇದೇ ಕೆಲಸದಲ್ಲಿ ಇರುವವನು, ಪಿಜಿ ಮಕ್ಕಳಿಗೆ ಪಾಠವನ್ನೂ ಮಾಡುತ್ತೇನೆ. ಸಂಬಂಧ ಇದೆ. ಅದು ಹೆದರುವಂಥದ್ದಲ್ಲ. ಆದರೆ ಗೊತ್ತಿಲ್ಲದೆ ಮುಂದುವರಿಯುವಂಥದ್ದೂ ಅಲ್ಲ. ಮೊದಲು ಕೀಲು ಹೇಗಿದೆ ಹೇಳುತ್ತೇನೆ.

ಕೆಳದವಡೆ ಒಂದೇ ಮೂಳೆ. ಅದರ ಎರಡು ತುದಿ ಮೇಲೆ ಹೋಗಿ, ಎರಡೂ ಕಿವಿಯ ಮುಂದೆ ತಲೆಬುರುಡೆಗೆ ಸೇರುತ್ತವೆ. ಆ ತುದಿಯ ಗುಂಡೇ ಕಾಂಡೈಲ್. ದೊಡ್ಡವರಲ್ಲಿ ಅಡ್ಡಕ್ಕೆ ಸುಮಾರು 20 ಮಿಲಿಮೀಟರ್, ಹಿಂದೆ ಮುಂದೆ ಅದರ ಅರ್ಧದಷ್ಟು. ಅದು ಕೂರುವ ಗುಳಿ ತಲೆಬುರುಡೆಯ ಟೆಂಪೊರಲ್ ಮೂಳೆಯಲ್ಲಿದೆ. ಗುಳಿಯ ಮುಂದೆ ಒಂದು ದಿಣ್ಣೆ. ಗುಂಡಿಗೂ ಗುಳಿಗೂ ನಡುವೆ ಒಂದು ಡಿಸ್ಕ್, ಮಧ್ಯದಲ್ಲಿ ತೆಳು, ಅಂಚಿನಲ್ಲಿ ದಪ್ಪ. ಡಿಸ್ಕ್‌ನ ನಡುಭಾಗದಲ್ಲಿ ರಕ್ತನಾಳವೂ ಇಲ್ಲ, ನರವೂ ಇಲ್ಲ. ಅದರ ಹಿಂದಿನ ಮೆತ್ತನೆ ಭಾಗದಲ್ಲಿ ಎರಡೂ ಧಾರಾಳ ಇವೆ. ನೋವು ಬರುವುದು ಹೆಚ್ಚಾಗಿ ಅಲ್ಲಿಂದ, ಇಲ್ಲವೇ ಸ್ನಾಯುಗಳಿಂದ.

ಈ ಕೀಲು ಬಾಗಿಲಿನ ಹಿಂಜಿನ ಹಾಗೆ ನಿಂತಲ್ಲೇ ತಿರುಗುವುದಿಲ್ಲ. ಬಾಯಿ ತೆರೆಯುವಾಗ ಮೊದಲ 20–25 ಮಿಲಿಮೀಟರ್‌ವರೆಗೆ ಗುಂಡು ಹೆಚ್ಚಾಗಿ ಇದ್ದಲ್ಲೇ ತಿರುಗುತ್ತದೆ. ಆಮೇಲೆ ಡಿಸ್ಕ್ ಜೊತೆಗೆ ದಿಣ್ಣೆಯ ಇಳಿಜಾರಿನಲ್ಲಿ ಮುಂದಕ್ಕೆ ಜಾರುತ್ತದೆ. ನಿಮ್ಮ ಕಿವಿಯ ಮುಂದೆ ಬೆರಳಿಟ್ಟು ಈಗಲೇ ನೋಡಿ. ಸ್ವಲ್ಪ ತೆರೆದಾಗ ಗುಂಡು ಅಲ್ಲೇ ಇರುತ್ತದೆ. ಪೂರ್ತಿ ತೆರೆದಾಗ ಬೆರಳಿನ ಕೆಳಗೆ ಒಂದು ಗುಳಿ ಬೀಳುತ್ತದೆ. ಗುಂಡು ಮುಂದೆ ಹೋದದ್ದರ ಗುರುತು ಅದು.

ಟಕ್ ಸದ್ದು ಯಾಕೆ? ಡಿಸ್ಕ್ ತನ್ನ ಜಾಗದಿಂದ ಸ್ವಲ್ಪ ಮುಂದೆ ಸರಿದಿರುತ್ತದೆ. ಗುಂಡು ಮುಂದೆ ಬರುವಾಗ ಮತ್ತೆ ಅದರ ಕೆಳಗೆ ಹೊಕ್ಕುತ್ತದೆ. ಆಗ ಸದ್ದು. ನೋವಿಲ್ಲದ, ಬಾಯಿ ಪೂರ್ತಿ ತೆರೆಯುವ ಟಕ್ ತುಂಬ ಜನರಲ್ಲಿ ಇದೆ. ಅದಕ್ಕೆ ಚಿಕಿತ್ಸೆ ಬೇಡ. ಬರೆದಿಟ್ಟುಕೊಂಡರೆ ಸಾಕು.

ಕಿನ್ನಿಮೂಲ್ಕಿ ಅಮ್ಮ

ತುಂಬ ಧನ್ಯವಾದ ಡಾಕ್ಟ್ರೇ. ಬೆರಳಿಟ್ಟು ನೋಡಿದೆ, ನೀವು ಹೇಳಿದ ಹಾಗೇ ಗುಳಿ ಬಿತ್ತು. ಒಂದು ಸಂಶಯ. ಕೀಲು ಸಣ್ಣದಾದ್ದರಿಂದ ಮುಖ ಉದ್ದ ಆಯಿತಾ, ಮುಖ ಉದ್ದ ಆದ್ದರಿಂದ ಕೀಲು ಸಣ್ಣದಾಯಿತಾ? ಮತ್ತೆ ಇವಳು ರಾತ್ರಿ ಬಾಯಿ ತೆರೆದು ಮಲಗುತ್ತಾಳೆ. ಅದಕ್ಕೂ ಇದಕ್ಕೂ ಸಂಬಂಧ ಇರಬಹುದಾ?

ದೇರಳಕಟ್ಟೆ ಕ್ಲಿಪ್ ಡಾಕ್ಟ್ರು

ಸರಿಯಾದ ಪ್ರಶ್ನೆ. ಎರಡೂ ಕಡೆಯಿಂದ ಆಗಬಹುದು. ಒಂದೇ ಎಕ್ಸ್‌ರೇ ನೋಡಿ ಯಾವುದು ಮೊದಲು ಎಂದು ಯಾರೂ ಹೇಳಲಾಗದು.

ಈ ವಿಷಯದಲ್ಲಿ ದೊಡ್ಡ ಕೆಲಸ ಮಾಡಿದವರು ಡೆನ್ಮಾರ್ಕಿನ ಆರ್ನೆ ಬ್ಯೋರ್ಕ್. ಮಕ್ಕಳ ದವಡೆ ಮೂಳೆಯಲ್ಲಿ ತೀರಾ ಸಣ್ಣ ಟ್ಯಾಂಟಲಮ್ ಪಿನ್ನುಗಳನ್ನು ಕೂರಿಸಿ, ವರ್ಷಗಟ್ಟಲೆ ಎಕ್ಸ್‌ರೇ ತೆಗೆದು ನೋಡಿದರು. ಇವತ್ತು ಅಂಥ ಕೆಲಸಕ್ಕೆ ಯಾರೂ ಅನುಮತಿ ಕೊಡಲಿಕ್ಕಿಲ್ಲ. ಪಿನ್ನು ಅಲ್ಲಾಡುವುದಿಲ್ಲ, ಅದರ ಸುತ್ತ ಮೂಳೆ ಬೆಳೆಯುತ್ತದೆ. ಹಾಗಾಗಿ ಎಲ್ಲಿ ಬೆಳೆಯಿತು, ದವಡೆ ಯಾವ ಕಡೆ ತಿರುಗಿತು ಎಂದು ನಿಖರವಾಗಿ ಕಂಡಿತು. ದವಡೆ ಬೆಳೆಯುತ್ತಾ ತಿರುಗುತ್ತದೆ ಎಂದು ತೋರಿಸಿದ್ದು ಅವರೇ. ಕಾಂಡೈಲ್ ಮೇಲಕ್ಕೂ ಮುಂದಕ್ಕೂ ಚೆನ್ನಾಗಿ ಬೆಳೆದರೆ ಗದ್ದ ಮುಂದೆ ಬರುತ್ತದೆ, ಮುಖ ಗಿಡ್ಡ, ದವಡೆ ಮೂಲೆ ಅಗಲ. ಬೆಳವಣಿಗೆ ಕಮ್ಮಿಯಾದರೆ, ಅಥವಾ ಹಿಂದಕ್ಕೆ ವಾಲಿದರೆ, ದವಡೆ ಕೆಳಗೂ ಹಿಂದಕ್ಕೂ ತಿರುಗುತ್ತದೆ. ಗದ್ದ ಹಿಂದೆ, ಮುಖದ ಕೆಳಭಾಗ ಉದ್ದ. ಯಾವ ಮಗು ಯಾವ ಕಡೆ ಹೋಗಬಹುದು ಎಂದು ಊಹಿಸಲು 1969ರಲ್ಲಿ ಅವರು 7 ಲಕ್ಷಣ ಹೇಳಿದರು. ಅದರಲ್ಲಿ ಮೊದಲನೆಯದೇ ಕಾಂಡೈಲ್ ಯಾವ ಕಡೆ ವಾಲಿದೆ ಎಂಬುದು.

ಈಗ ಆ ಇನ್ನೊಂದು ಕಡೆ. ಮೂಗು ಕಟ್ಟಿದ ಮಗು, ಅಡಿನಾಯ್ಡ್ (ಮೂಗಿನ ಹಿಂಭಾಗದ ಗ್ರಂಥಿ) ಊದಿದ ಮಗು ಬಾಯಿ ತೆರೆದೇ ಇಟ್ಟುಕೊಳ್ಳುತ್ತದೆ. ಹಿಂದಿನ ದವಡೆ ಹಲ್ಲುಗಳು ಸ್ವಲ್ಪ ಜಾಸ್ತಿ ಇಳಿಯುತ್ತವೆ, ದವಡೆ ಕೆಳಕ್ಕೆ ತಿರುಗುತ್ತದೆ. ಉದ್ದ ಮುಖದ ದೊಡ್ಡವರಲ್ಲಿ ಜಗಿಯುವ ಸ್ನಾಯು ತೆಳು, ಕಚ್ಚುವ ಬಲ ಕಮ್ಮಿ. ಕೀಲಿನ ಮೇಲೆ ಬೀಳುವ ಒತ್ತಡ ಬೇರೆಯಾದರೆ ಗುಂಡಿನ ಆಕಾರವೂ ಬೇರೆಯಾಗುತ್ತದೆ. ಕಾಂಡೈಲ್‌ನ ಮೃದ್ವಸ್ಥಿ ಒತ್ತಡಕ್ಕೆ ಹೊಂದಿಕೊಳ್ಳುವ ಜಾತಿಯದ್ದು. ಜೊತೆಗೆ ವಂಶದ ಪಾಲು. ನಿಮ್ಮ ಗಂಡನ ಮನೆಯವರ ಮುಖ ನೀವೇ ಹೇಳಿದಿರಲ್ಲ.

ಬಾಯಿ ತೆರೆದು ಮಲಗುವುದನ್ನು ಇಎನ್‌ಟಿ ಡಾಕ್ಟ್ರಿಗೆ ತೋರಿಸಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಗೋಡೆಯ ಬೂಷ್ಟು, ಧೂಳುಹುಳದ ಅಲರ್ಜಿಯಿಂದ ಮೂಗು ಕಟ್ಟುವ ಮಕ್ಕಳು ತುಂಬ. ಮೂಗು ಸರಿಯಾದರೆ ಮುಖ ಗಿಡ್ಡ ಆಗುತ್ತದೆ ಎಂದು ಮಾತು ಕೊಡಲಾಗದು. ಆದರೆ ಮಗು ನಿದ್ದೆಯಲ್ಲಿ ಸರಿಯಾಗಿ ಉಸಿರಾಡಬೇಕು, ಅದೇ ದೊಡ್ಡದು.

ಸುರತ್ಕಲ್ ಇಂಜಿನಿಯರಿಂಗ್

ಸಾರ್, ನನಗೆ 21. ಗದ್ದ ಸ್ವಲ್ಪ ಹಿಂದೆ. ನಾಲಿಗೆಯನ್ನು ಅಂಗುಳಿಗೆ ಒತ್ತಿ ಇಟ್ಟುಕೊಂಡರೆ ದವಡೆ ಮುಂದೆ ಬರುತ್ತದೆ ಎಂದು ರೀಲ್ಸ್‌ನಲ್ಲಿ ನೋಡಿ ಕೆಲವು ತಿಂಗಳಿಂದ ಮ್ಯೂಯಿಂಗ್ ಮಾಡುತ್ತಿದ್ದೇನೆ. ಗಟ್ಟಿ ಗಮ್ ಕೂಡ ಜಗಿಯುತ್ತೇನೆ. ಈಗ ಬೆಳಿಗ್ಗೆ ಎದ್ದಾಗ ಕಿವಿ ಹತ್ತಿರ ನೋವು, ಆಕಳಿಸಿದರೆ ಸದ್ದು. ನಿಲ್ಲಿಸಬೇಕಾ?

ಲೈಟ್‌ಹೌಸ್ ಹಿಲ್ ಪಿಜಿ

ನಿಲ್ಲಿಸಿ ಅಣ್ಣಾ. ಗಮ್ ಅಂತೂ ಇವತ್ತೇ. ನಾನು ಎಂಡಿಎಸ್ ಓದುತ್ತಿದ್ದೇನೆ, ನಿಮ್ಮ ವಯಸ್ಸಿನವರು ಇದೇ ದೂರು ಹಿಡಿದುಕೊಂಡು ಬರುವುದು ಜಾಸ್ತಿಯಾಗಿದೆ. 21ಕ್ಕೆ ದವಡೆಯ ಬೆಳವಣಿಗೆ ಹೆಚ್ಚುಕಡಿಮೆ ಮುಗಿದಿರುತ್ತದೆ. ನಾಲಿಗೆ ಒತ್ತಿ ಮೂಳೆ ಮುಂದೆ ತರಬಹುದು ಎಂಬುದಕ್ಕೆ ಆಧಾರ ಇಲ್ಲ. ದಿನವಿಡೀ ಒತ್ತಿ ಹಿಡಿದರೆ, ಗಟ್ಟಿಯಾದ್ದನ್ನು ಜಗಿದರೆ ಕೆನ್ನೆಯ ಜಗಿಯುವ ಸ್ನಾಯು ಮಸೆಟರ್ ದಣಿಯುತ್ತದೆ. ನಿಮ್ಮ ಬೆಳಗಿನ ನೋವು ಅಲ್ಲಿಯದೇ ಇರಬೇಕು.

ಸುಮ್ಮನೆ ಕೂತಾಗ ತುಟಿ ಸೇರಿರಲಿ, ಮೇಲಿನ ಕೆಳಗಿನ ಹಲ್ಲು ಒಂದಕ್ಕೊಂದು ತಾಗದಿರಲಿ. ದವಡೆ ವಿಶ್ರಾಂತಿಯಲ್ಲಿ ಇರುವುದು ಹಾಗೆ. ಕೆಲವು ವಾರ ಮೆತ್ತಗಿನ ಊಟ. ಗಂಜಿ, ನೀರ್‌ದೋಸೆ ಸಾಕು. ಕೋರಿ ರೊಟ್ಟಿ ತಿನ್ನಲೇಬೇಕಾದರೆ ಸಾರಿನಲ್ಲಿ ಚೆನ್ನಾಗಿ ನೆನೆಸಿ. ಬೆಚ್ಚಗಿನ ಬಟ್ಟೆಯ ಶಾಖ ಕೊಡಿ. ಕಮ್ಮಿಯಾಗದಿದ್ದರೆ ಡೆಂಟಲ್ ಕಾಲೇಜಿನ ಓರಲ್ ಮೆಡಿಸಿನ್ ವಿಭಾಗದಲ್ಲಿ ತೋರಿಸಿ. ಗದ್ದ ನಿಜಕ್ಕೂ ತುಂಬ ಹಿಂದೆ ಇದ್ದರೆ ಈ ವಯಸ್ಸಿನಲ್ಲಿ ಎರಡೇ ದಾರಿ. ಹಲ್ಲನ್ನು ಮಾತ್ರ ಹೊಂದಿಸುವುದು, ಇಲ್ಲವೇ ಆಪರೇಷನ್ ಮಾಡಿ ದವಡೆಯನ್ನೇ ಮುಂದೆ ತರುವುದು. ಕೂತು ಮಾತಾಡಿ ನಿರ್ಧರಿಸುವ ವಿಷಯ ಅದು.

ಕಾರ್ಕಳ ಟೀಚರ್

ಇದನ್ನು ಓದುವಾಗ ನಮ್ಮ ಶಾಲೆಯ ಒಬ್ಬ ಹುಡುಗ ನೆನಪಾದ. ಈಗ 7ನೇ ಕ್ಲಾಸು. ಒಂದನೇ ಕ್ಲಾಸಿನಲ್ಲಿ ಇದ್ದಾಗ ಮಳೆಗಾಲದಲ್ಲಿ ಪಾಚಿ ಹಿಡಿದ ಕಲ್ಲಿನ ಮೆಟ್ಟಿಲಲ್ಲಿ ಜಾರಿ ಗದ್ದ ಕುಟ್ಟಿಕೊಂಡಿದ್ದ. ಹೊಲಿಗೆ ಹಾಕಿಸಿ ಕಳಿಸಿದರು, ಗಾಯ ಒಣಗಿತು, ಎಲ್ಲರೂ ಮರೆತರು. ಈಗ ಗದ್ದ ಬಲಗಡೆ ತಿರುಗಿದೆ. ಹಾಡಲು ಬಾಯಿ ತೆರೆದರೆ ಇನ್ನೂ ಬಲಕ್ಕೆ ಹೋಗುತ್ತದೆ. ಹಲ್ಲು ಸೊಟ್ಟ, ಕ್ಲಿಪ್ ಹಾಕಿಸಬೇಕು ಎಂದು ಮನೆಯವರು ಅಂದುಕೊಂಡಿದ್ದಾರೆ. ಇದು ಹಲ್ಲಿನ ವಿಷಯವೇ ಅಲ್ಲ ಅನಿಸುತ್ತಿದೆ. ಸರಿಯಾ?

ದೇರಳಕಟ್ಟೆ ಕ್ಲಿಪ್ ಡಾಕ್ಟ್ರು

ಟೀಚರ್, ನಿಮ್ಮ ಅಂದಾಜು ಸರಿ ಇರಬಹುದು. ದಯವಿಟ್ಟು ಆ ಹುಡುಗನ ಮನೆಯವರಿಗೆ ಹೇಳಿ. ಈ ವಿಷಯ ಪ್ರತಿ ಅಪ್ಪ ಅಮ್ಮನಿಗೂ, ಪ್ರತಿ ಶಾಲೆಗೂ ಗೊತ್ತಿರಬೇಕು ಎಂದು ನನಗೆ ತುಂಬ ಅನಿಸುತ್ತದೆ.

ಗದ್ದಕ್ಕೆ ಬಿದ್ದ ಪೆಟ್ಟು ಗದ್ದದಲ್ಲೇ ನಿಲ್ಲುವುದಿಲ್ಲ. ಬಲ ಮೂಳೆಯ ಉದ್ದಕ್ಕೂ ಮೇಲೆ ಹೋಗುತ್ತದೆ. ಅಲ್ಲಿ ತೀರಾ ಸಪೂರ ಜಾಗ ಕಾಂಡೈಲ್‌ನ ಕತ್ತು. ಅದು ಮುರಿಯಬಹುದು. ಹೊರಗೆ ಕಾಣುವುದು ಗದ್ದದ ಗಾಯ ಮಾತ್ರ. ಹೊಲಿಗೆ ಹಾಕಿದವರು ಕಿವಿಯ ಮುಂದೆ ಒತ್ತಿ ನೋಡದಿದ್ದರೆ ಗೊತ್ತೇ ಆಗುವುದಿಲ್ಲ. ಮಗು ಎರಡು ದಿನ ಊಟ ಬೇಡ ಎನ್ನುತ್ತದೆ. ಪೆಟ್ಟಾಗಿದೆ, ಇರಲಿ ಎಂದು ಮನೆಯವರು ಸುಮ್ಮನಾಗುತ್ತಾರೆ.

ಒಳ್ಳೆಯ ಸುದ್ದಿ ಏನೆಂದರೆ, ಮಕ್ಕಳ ಕಾಂಡೈಲ್ ಅದ್ಭುತವಾಗಿ ಸರಿಹೋಗುತ್ತದೆ. ಹೆಚ್ಚಿನವರಿಗೆ ಆಪರೇಷನ್ ಬೇಡ. ಸ್ವಲ್ಪ ದಿನ ಮೆತ್ತಗಿನ ಆಹಾರ, ನೋವಿಗೆ ಔಷಧ, ಆಮೇಲೆ ಬೇಗನೆ ಬಾಯಿ ಆಡಿಸುವ ವ್ಯಾಯಾಮ. ಬಾಯಿಯನ್ನು ವಾರಗಟ್ಟಲೆ ಕಟ್ಟಿ ಇಡುವುದು ಮಕ್ಕಳಲ್ಲಿ ಅಪಾಯ. ಕೀಲಿನಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಮೂಳೆಯಾಗಿ, ಕೀಲೇ ಅಂಟಿಕೊಳ್ಳಬಹುದು. ಇದಕ್ಕೆ ಆಂಕೈಲೋಸಿಸ್ ಎನ್ನುತ್ತೇವೆ. ಅಂಥ ಮಕ್ಕಳಿಗೆ ಒಂದು ಬೆರಳು ಹೊಕ್ಕುವಷ್ಟೂ ಬಾಯಿ ತೆರೆಯುವುದಿಲ್ಲ. ಗದ್ದ ಬೆಳೆಯದೆ ಮುಖವೇ ಹಿಂದೆ ಸರಿದ ಹಾಗೆ ಕಾಣುತ್ತದೆ. ರಾತ್ರಿ ಉಸಿರು ಕಟ್ಟುತ್ತದೆ. ಕಿವಿಯ ಸೋಂಕು ಕೀಲಿಗೆ ಹರಡಿಯೂ ಹೀಗಾಗುವುದುಂಟು.

ನಿಮ್ಮ ಹುಡುಗನಿಗೆ ಅಷ್ಟು ಆಗಿಲ್ಲ. ಬಲ ಕಾಂಡೈಲ್ ಬೆಳವಣಿಗೆಯಲ್ಲಿ ಹಿಂದೆ ಬಿದ್ದಿರಬೇಕು. ಎಡಗಡೆ ಬೆಳೆಯುತ್ತಾ ಹೋದದ್ದರಿಂದ ಗದ್ದ ಬಲಕ್ಕೆ ತಳ್ಳಲ್ಪಟ್ಟಿದೆ. ಬಾಯಿ ತೆರೆದಾಗ ಬಲಗಡೆ ಗುಂಡು ಸರಿಯಾಗಿ ಜಾರುತ್ತಿಲ್ಲ, ಅದಕ್ಕೇ ಇನ್ನೂ ಬಲಕ್ಕೆ ಹೋಗುತ್ತದೆ. ಇದಕ್ಕೆ ತಿರುಗುಮುರುಗಾದ ಇನ್ನೊಂದು ಕಾಯಿಲೆ ಇದೆ. ಹದಿಹರೆಯದಲ್ಲಿ ಒಂದು ಕಡೆ ಕಾಂಡೈಲ್ ಅತಿಯಾಗಿ ಬೆಳೆದು ಗದ್ದವನ್ನು ಆಚೆ ಕಡೆಗೆ ತಳ್ಳುವುದು. ಎರಡರಲ್ಲೂ ಮುಖ ಸೊಟ್ಟ, ಚಿಕಿತ್ಸೆ ಮಾತ್ರ ಪೂರ್ತಿ ಬೇರೆ. ಅತಿಯಾಗಿ ಬೆಳೆಯುವುದು ಇನ್ನೂ ನಡೆಯುತ್ತಿದೆಯಾ ಎಂದು ತಿಳಿಯಲು ಬೋನ್ ಸ್ಕ್ಯಾನ್ ಮಾಡಿಸುತ್ತಾರೆ.

ಹಾಗಾಗಿ ಬರೀ ಕ್ಲಿಪ್ ಹಾಕಿ ಹಲ್ಲು ನೇರ ಮಾಡಿದರೆ ಪ್ರಯೋಜನ ಇಲ್ಲ. ಅವನು ಇನ್ನೂ ಬೆಳೆಯುವ ವಯಸ್ಸಿನವನು. ಆರ್ಥೊಡಾಂಟಿಸ್ಟ್ (ಕ್ಲಿಪ್ ಡಾಕ್ಟ್ರು) ಮತ್ತು ಬಾಯಿ ದವಡೆ ಸರ್ಜನ್ ಇಬ್ಬರೂ ಒಟ್ಟಿಗೆ ಕೂತು ನೋಡುವ ಕಡೆ ಕಳಿಸಿ. ಮಣಿಪಾಲದ ಡೆಂಟಲ್ ಕಾಲೇಜು 1965ರಿಂದ ಇದೆ, ದೇರಳಕಟ್ಟೆಯಲ್ಲಿ ಎ.ಬಿ. ಶೆಟ್ಟಿ ಕಾಲೇಜು 1985ರಿಂದ, ಮಂಗಳೂರು ಪೇಟೆಯಲ್ಲಿ ಮಣಿಪಾಲದವರದ್ದೇ ಕಾಲೇಜು 1987ರಿಂದ. ಇಂಥ ಕಾಲೇಜುಗಳಲ್ಲಿ ಎರಡೂ ವಿಭಾಗ ಒಂದೇ ಕಟ್ಟಡದಲ್ಲೋ ಪಕ್ಕದಲ್ಲೋ ಇರುತ್ತವೆ. ಕಾರ್ಕಳದಿಂದ ಬಸ್ಸಿನಲ್ಲಿ ಬಂದು ಒಂದೇ ದಿನದಲ್ಲಿ ಇಬ್ಬರಿಗೂ ತೋರಿಸಿ ಹೋಗಬಹುದು.

ಪುತ್ತೂರು ತೋಟ

ಕೀಲಿನ ಮಾತು ಬಂದಿತಲ್ಲ, ಅದಕ್ಕೆ ಕೇಳುತ್ತೇನೆ. ನಮ್ಮ ಅಣ್ಣನಿಗೆ 40 ದಾಟಿದೆ. ಬಾಯಿ ತೆರೆಯುವುದು ಬರುಬರುತ್ತಾ ಕಮ್ಮಿಯಾಗಿದೆ, ಖಾರ ತಾಗಿದರೆ ಉರಿ. ಕೀಲು ಹಿಡಿದಿದೆ ಎಂದು ಎಣ್ಣೆ ಹಚ್ಚಿ ತಿಕ್ಕುತ್ತಿದ್ದಾನೆ. ಅಡಿಕೆ ಬಾಯಲ್ಲಿ ಯಾವಾಗಲೂ ಇರುತ್ತದೆ.

ಲೈಟ್‌ಹೌಸ್ ಹಿಲ್ ಪಿಜಿ

ಅಣ್ಣಾ, ಇದು ಕೀಲಿನದ್ದಲ್ಲ ಅನಿಸುತ್ತದೆ. ಉರಿ ಮತ್ತು ಅಡಿಕೆ ಎರಡೂ ಇದ್ದರೆ ಮೊದಲು ನೋಡಬೇಕಾದ್ದು ಸಬ್‌ಮ್ಯೂಕಸ್ ಫೈಬ್ರೋಸಿಸ್. ಕೆನ್ನೆಯ ಒಳಚರ್ಮ ಬಿಳಿಚಿ ಗಟ್ಟಿಯಾಗಿ ಪಟ್ಟಿ ಕಟ್ಟುತ್ತದೆ. ಕೀಲು ಸರಿ ಇದ್ದರೂ ಬಾಯಿ ತೆರೆಯುವುದಿಲ್ಲ. ತಂಬಾಕು ಇಲ್ಲದ ಬರೀ ಅಡಿಕೆಯಿಂದಲೂ ಬರುತ್ತದೆ. ಕೆಲವರಲ್ಲಿ ಕ್ಯಾನ್ಸರ್‌ಗೆ ತಿರುಗುತ್ತದೆ. ಅಡಿಕೆ ಬೆಳೆಯುವ ಊರಿನವರಿಗೆ ಈ ಮಾತು ಹೇಳುವುದು ಕಷ್ಟ, ಆದರೂ ಹೇಳಬೇಕು. ಬಾಯಿಗೆ ಹಾಕುವುದನ್ನು ಪೂರ್ತಿ ನಿಲ್ಲಿಸಲಿ, ಈ ವಾರವೇ ತೋರಿಸಲಿ. ಎಣ್ಣೆ ತಿಕ್ಕಿ ಕಾಯುವುದು ಬೇಡ.

ಕದ್ರಿ ಡೆಂಟಿಸ್ಟ್

ದೇರಳಕಟ್ಟೆ ಡಾಕ್ಟ್ರೇ, ನಿಮ್ಮ ಹೆಚ್ಚಿನ ಮಾತು ಒಪ್ಪುತ್ತೇನೆ. ಒಂದು ಕಡೆ ನನ್ನ ಅಭಿಪ್ರಾಯ ಬೇರೆ. ಕಾಂಡೈಲ್ ಗುಳಿಯಲ್ಲಿ ಎಲ್ಲಿ ಕೂತಿದೆ ಎಂದು ನೋಡದೆ, ಮೊದಲು ಸ್ಪ್ಲಿಂಟ್ (ಹಲ್ಲಿನ ಮೇಲೆ ಕೂರಿಸುವ ಪ್ಲೇಟು) ಕೊಟ್ಟು ಅದನ್ನು ಸರಿಯಾದ ಜಾಗಕ್ಕೆ ತರದೆ ಕ್ಲಿಪ್ ಶುರು ಮಾಡಬಾರದು. ನಾನು ಎಲ್ಲ ಪೇಷಂಟ್‌ಗೂ ಸಿಬಿಸಿಟಿ, ಅಂದರೆ ದವಡೆಯ 3ಡಿ ಸ್ಕ್ಯಾನ್, ತೆಗೆಸುತ್ತೇನೆ. ಕೀಲು ಕೆಟ್ಟ ಮೇಲೆ ಅಳುವುದಕ್ಕಿಂತ ಮೊದಲೇ ನೋಡುವುದು ಒಳ್ಳೆಯದು.

ದೇರಳಕಟ್ಟೆ ಕ್ಲಿಪ್ ಡಾಕ್ಟ್ರು

ನಿಮ್ಮ ಕಾಳಜಿಗೆ ಗೌರವ ಇದೆ ಡಾಕ್ಟ್ರೇ, ಆದರೆ ಒಪ್ಪುವುದಿಲ್ಲ. ಯಾವ ತೊಂದರೆಯೂ ಇಲ್ಲದ ಜನರಲ್ಲೇ ಕಾಂಡೈಲ್ ಗುಳಿಯ ಮಧ್ಯದಲ್ಲಿ, ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ, ಎಲ್ಲ ಕಡೆ ಕಾಣುತ್ತದೆ. ಇಷ್ಟು ಮಿಲಿಮೀಟರ್ ಜಾಗ ಬಿಟ್ಟರೆ ಆರೋಗ್ಯ, ಇಲ್ಲದಿದ್ದರೆ ರೋಗ ಎಂದು ಹೇಳುವ ಗೆರೆ ಇಲ್ಲ. ಮುಖದ ಆಕಾರಕ್ಕೆ ತಕ್ಕಂತೆಯೂ ಅದು ಬದಲಾಗುತ್ತದೆ. ಕೆಳದವಡೆ ಮುಂದೆ ಇರುವವರಲ್ಲಿ, ಅಂದರೆ ಕ್ಲಾಸ್ 3ರಲ್ಲಿ, ಗುಳಿ ಅಗಲವಾಗಿ ಆಳ ಕಮ್ಮಿ ಇರುವುದನ್ನು ಹಲವು ಅಧ್ಯಯನಗಳು ತೋರಿಸಿವೆ. ಗಿಡ್ಡ ಮುಖದವರಲ್ಲಿ ಗುಂಡು ದಪ್ಪ, ಉದ್ದ ಮುಖದವರಲ್ಲಿ ಸಪೂರ. ಇವೆಲ್ಲ ಸರಾಸರಿಯ ಮಾತು. ಒಬ್ಬ ಪೇಷಂಟ್‌ನ ರೋಗ ಹೇಳಲು ಸಾಲದು.

ಒಂದು ಕಡೆ ನಿಮ್ಮ ಮಾತು ಸರಿ. ಕೆಲವರು ಹಲ್ಲು ಹೊಂದಿಸಿಕೊಳ್ಳಲು ದವಡೆಯನ್ನು ಮುಂದೆಯೋ ಪಕ್ಕಕ್ಕೋ ಸರಿಸಿ ಕಚ್ಚುತ್ತಾರೆ. ಅವರನ್ನು ಆ ಸುಳ್ಳು ಕಚ್ಚಿನಲ್ಲೇ ಅಳೆದರೆ ಪ್ಲಾನ್ ಪೂರ್ತಿ ತಪ್ಪುತ್ತದೆ. ಅಂಥವರಿಗೆ, ಮತ್ತು ನೋವಿರುವವರಿಗೆ ಸ್ಪ್ಲಿಂಟ್ ಇರಲಿ. ಎಲ್ಲರಿಗೂ ಬೇಡ. ಸಿಬಿಸಿಟಿಯ ವಿಕಿರಣ ಒಪಿಜಿಗಿಂತ (ಇಡೀ ದವಡೆ ಒಂದೇ ಫಿಲಂನಲ್ಲಿ ಕಾಣುವ ಎಕ್ಸ್‌ರೇ) ಹಲವು ಪಟ್ಟು ಜಾಸ್ತಿ ಆಗಬಹುದು. ಬೆಳೆಯುವ ಮಕ್ಕಳಿಗೆ ಕಾರಣ ಇಲ್ಲದೆ ಕೊಡಬಾರದು.

ಬಿಜೈ ಎಕ್ಸ್‌ರೇ ರೂಮ್

ನಾನು ಎಕ್ಸ್‌ರೇ ತೆಗೆಯುವವನು, ಡಾಕ್ಟರ್ ಅಲ್ಲ. ನಮ್ಮ ಕಡೆಯಿಂದ ಒಂದು ವಿಷಯ ಹೇಳಬೇಕು. ಒಪಿಜಿ ನೋಡಿ "ಕಾಂಡೈಲ್ ಮುಂದೆ ಬಂದಿದೆ" ಎಂದು ಕೆಲವರು ಗಾಬರಿಯಾಗುತ್ತಾರೆ. ಒಪಿಜಿ ತೆಗೆಯುವಾಗ ಒಂದು ಪ್ಲಾಸ್ಟಿಕ್ ಕಡ್ಡಿ ಕೊಟ್ಟು, ಮೇಲಿನ ಕೆಳಗಿನ ಮುಂಹಲ್ಲು ಎರಡೂ ಅದರ ಸಣ್ಣ ತೋಡಿನಲ್ಲಿ ಕೂರುವ ಹಾಗೆ ಕಚ್ಚಿಸುತ್ತೇವೆ. ಹಾಗೆ ಕಚ್ಚಬೇಕಾದರೆ ಕೆಳದವಡೆ ಮುಂದೆ ಬರಲೇಬೇಕು. ಕಾಂಡೈಲ್ ಕೂಡ ಗುಳಿಯಿಂದ ಮುಂದೆ ಬರುತ್ತದೆ. ಹಾಗಾಗಿ ಆ ಫಿಲಂ ನೋಡಿ ಕಾಂಡೈಲ್ ಎಲ್ಲಿ ಕೂತಿದೆ ಎಂದು ಹೇಳಲಾಗದು. ತಲೆ ಸ್ವಲ್ಪ ತಿರುಗಿದರೂ ಒಂದು ಕಡೆ ದೊಡ್ಡದು, ಇನ್ನೊಂದು ಕಡೆ ಸಣ್ಣದು ಕಾಣುತ್ತದೆ. ಮತ್ತೆ ಡಿಸ್ಕ್ ಯಾವ ಎಕ್ಸ್‌ರೇಯಲ್ಲೂ ಕಾಣುವುದಿಲ್ಲ. ಅದಕ್ಕೆ ಎಂಆರ್‌ಐಯೇ ಬೇಕು.

ದೇರಳಕಟ್ಟೆ ಕ್ಲಿಪ್ ಡಾಕ್ಟ್ರು

ಅಣ್ಣಾ, ಇದನ್ನು ಯಾರಾದರೂ ಹೇಳಬೇಕಿತ್ತು. ತುಂಬ ಉಪಕಾರ. ಒಪಿಜಿಯಲ್ಲಿ ನಾವು ನೋಡುವುದು ಗುಂಡಿನ ಅಂಚು ನುಣುಪಾಗಿದೆಯಾ, ಮುರಿತ ಇದೆಯಾ, ಎರಡು ಕಡೆಯಲ್ಲಿ ದೊಡ್ಡ ವ್ಯತ್ಯಾಸ ಇದೆಯಾ, ಇಷ್ಟೇ. ಮುಖದ ಆಕಾರ ಅಳೆಯುವುದು ಲ್ಯಾಟರಲ್ ಸೆಫ್‌ನಲ್ಲಿ, ಅಂದರೆ ಪಕ್ಕದಿಂದ ತೆಗೆದ ತಲೆಯ ಎಕ್ಸ್‌ರೇಯಲ್ಲಿ. 1931ರಲ್ಲಿ ಅಮೆರಿಕದ ಬ್ರಾಡ್‌ಬೆಂಟ್ ತಲೆಯನ್ನು ಅಲ್ಲಾಡದಂತೆ ಹಿಡಿದು ಎಕ್ಸ್‌ರೇ ತೆಗೆಯುವ ವಿಧಾನ ತಂದರು. ಇವತ್ತಿಗೂ ಅದೇ ತತ್ವ.

ಪಡುಬಿದ್ರಿ ಅಕ್ಕ

ನನ್ನ ತಂಗಿಗೆ ನಾಲ್ಕು ಹಲ್ಲು ಕೀಳಿಸಿ ಕ್ಲಿಪ್ ಹಾಕಿದ್ದರು. ಆಮೇಲೆ ದವಡೆ ನೋವು ಶುರುವಾಯಿತು. ಹಲ್ಲು ಕಿತ್ತರೆ ದವಡೆ ಹಿಂದೆ ಹೋಗಿ ಕೀಲು ಹಾಳಾಗುತ್ತದೆ ಎಂದು ಕೇಳಿದ್ದೇನೆ. ಅಮ್ಮಾ, ಯೋಚಿಸಿ ಮುಂದುವರಿಯಿರಿ.

ದೇರಳಕಟ್ಟೆ ಕ್ಲಿಪ್ ಡಾಕ್ಟ್ರು

ಅಕ್ಕಾ, ತಂಗಿಯ ನೋವು ನಿಜ. ಅದಕ್ಕೆ ಕ್ಲಿಪ್ಪೇ ಕಾರಣ ಎನ್ನುವುದು ಮಾತ್ರ ಖಾತ್ರಿ ಇಲ್ಲ. ಈ ವಾದ ಕೋರ್ಟಿಗೂ ಹೋಗಿತ್ತು. 1987ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ, ಹಲ್ಲು ಕೀಳಿಸಿ ಚಿಕಿತ್ಸೆ ಪಡೆದ ಹದಿಹರೆಯದ ಹುಡುಗಿಗೆ ಕೀಲು ನೋವು ಬಂತೆಂದು 8 ಲಕ್ಷ ಡಾಲರಿಗೂ ಜಾಸ್ತಿ ಪರಿಹಾರದ ತೀರ್ಪು ಬಂತು. ಆರ್ಥೊಡಾಂಟಿಸ್ಟ್‌ಗಳೆಲ್ಲ ನಡುಗಿದರು. ಅದರಿಂದಲೇ ಗಂಭೀರ ಸಂಶೋಧನೆ ಶುರುವಾಯಿತು. ಹಲ್ಲು ಕೀಳಿಸಿದವರು, ಕೀಳಿಸದವರು, ಕ್ಲಿಪ್ಪೇ ಹಾಕದವರು, ಎಲ್ಲರನ್ನೂ ಹೋಲಿಸಿ ನೋಡಿದರು. ಒಟ್ಟಾರೆ ಕಂಡದ್ದು, ಕ್ಲಿಪ್ ಕೀಲು ನೋವನ್ನು ತರುವುದೂ ಇಲ್ಲ, ತಡೆಯುವುದೂ ಇಲ್ಲ. ಕ್ಲಿಪ್ ಹಾಕುವ ವಯಸ್ಸು ಮತ್ತು ಈ ನೋವು ಶುರುವಾಗುವ ವಯಸ್ಸು ಹೆಚ್ಚುಕಡಿಮೆ ಒಂದೇ, ಅದರಲ್ಲೂ ಹೆಣ್ಣುಮಕ್ಕಳಲ್ಲಿ. ಹಾಗಾಗಿ ಒಂದರ ಹಿಂದೆ ಒಂದು ಬಂದ ಹಾಗೆ ಕಾಣುತ್ತದೆ. ಇದೇ ಕಾರಣಕ್ಕೆ "ಕೀಲು ನೋವು ವಾಸಿಮಾಡಲು ಕ್ಲಿಪ್ ಹಾಕುತ್ತೇನೆ" ಎನ್ನುವವರನ್ನೂ ನಂಬಬೇಡಿ.

ತಂಗಿಗೆ ಇನ್ನೂ ನೋವಿದ್ದರೆ ಸಹಿಸಿಕೊಂಡು ಕೂರಬಾರದು. ಹೆಚ್ಚಿನವರಿಗೆ ಅಭ್ಯಾಸ ಬದಲಾವಣೆ, ವ್ಯಾಯಾಮ, ಅಗತ್ಯ ಇದ್ದರೆ ರಾತ್ರಿ ಸ್ಪ್ಲಿಂಟ್, ಇಷ್ಟರಲ್ಲೇ ಕಮ್ಮಿಯಾಗುತ್ತದೆ.

ಕಿನ್ನಿಮೂಲ್ಕಿ ಅಮ್ಮ

ಎಲ್ಲರಿಗೂ ಮತ್ತೊಮ್ಮೆ ಧನ್ಯವಾದ. ಇವತ್ತು ಎರಡನೇ ಡಾಕ್ಟ್ರ ಹತ್ತಿರ ಪೂರ್ತಿ ಚೆಕಪ್ ಆಯಿತು. ಬಾಯಿ 46 ಮಿಲಿಮೀಟರ್ ತೆರೆಯುತ್ತದೆ, ನೇರವಾಗಿ ತೆರೆಯುತ್ತದೆ, ಒತ್ತಿದರೆ ಎಲ್ಲೂ ನೋವಿಲ್ಲ. ಎರಡೂ ಗುಂಡಿನ ಅಂಚು ನುಣುಪಾಗಿದೆಯಂತೆ. ಎಂಆರ್‌ಐ ಈಗ ಬೇಡ ಎಂದರು. ಎಎನ್‌ಬಿ 6 ಡಿಗ್ರಿ, ಎಫ್‌ಎಂಎ 32 ಡಿಗ್ರಿ ಎಂದು ಬರೆದಿದ್ದಾರೆ. ಮೊದಲ ಕ್ಲಿನಿಕ್‌ನವರು ಟ್ವಿನ್ ಬ್ಲಾಕ್ (ಕೆಳದವಡೆ ಮುಂದೆ ಇಟ್ಟು ಕಚ್ಚಿಸುವ, ಮೇಲೆ ಕೆಳಗೆ ಹಾಕುವ ಎರಡು ಪ್ಲೇಟು) ಹಾಕಿ ಗದ್ದ ಬೆಳೆಸುತ್ತೇವೆ ಎಂದಿದ್ದರು. ಇವರು ಸ್ವಲ್ಪ ಜಾಗ್ರತೆ ಬೇಕು ಎನ್ನುತ್ತಾರೆ. ಯಾಕೆ?

ದೇರಳಕಟ್ಟೆ ಕ್ಲಿಪ್ ಡಾಕ್ಟ್ರು

ರಿಪೋರ್ಟ್ ಚೆನ್ನಾಗಿದೆ ಅಮ್ಮಾ. 40ಕ್ಕಿಂತ ಮೇಲೆ ನೇರವಾಗಿ, ನೋವಿಲ್ಲದೆ ತೆರೆಯುವ ಕೀಲು ಕೆಲಸ ಮಾಡುವ ಕೀಲು. ಸಪೂರ ಇರಬಹುದು, ಆರೋಗ್ಯವಾಗಿದೆ.

ಎಎನ್‌ಬಿ ಅಂದರೆ ಮೇಲ್ದವಡೆಗಿಂತ ಕೆಳದವಡೆ ಎಷ್ಟು ಹಿಂದೆ ಮುಂದೆ ಇದೆ ಎಂದು ಹೇಳುವ ಕೋನ. ಸಾಮಾನ್ಯ 2 ಡಿಗ್ರಿ. 6 ಅಂದರೆ ಗದ್ದ ಹಿಂದೆ ಇದೆ. ಎಫ್‌ಎಂಎ ಕೆಳದವಡೆ ಎಷ್ಟು ಇಳಿಜಾರಾಗಿದೆ ಎಂದು ಹೇಳುತ್ತದೆ. ಸಾಮಾನ್ಯ 25ರ ಆಸುಪಾಸು. 32 ಅಂದರೆ ಉದ್ದ ಮುಖ, ಖಂಡಿತ.

ಟ್ವಿನ್ ಬ್ಲಾಕ್ ಸ್ಕಾಟ್‌ಲ್ಯಾಂಡಿನ ಕ್ಲಾರ್ಕ್ 1977ರಲ್ಲಿ ಮಾಡಿದ ಒಳ್ಳೆಯ ಸಾಧನ. ಮುಂದೆ ಬಂದ ಹಲ್ಲು ಸರಿಮಾಡುತ್ತದೆ. ಆದರೆ ಅದರಿಂದ ಗದ್ದ ಹುಟ್ಟಿನಿಂದ ಬರಬೇಕಾದ್ದಕ್ಕಿಂತ ತುಂಬ ಜಾಸ್ತಿ ಬೆಳೆಯುತ್ತದೆ ಎಂದು ದೊಡ್ಡ ಟ್ರಯಲ್‌ಗಳಲ್ಲಿ ಕಂಡಿಲ್ಲ. ಹೆಚ್ಚಿನ ಪಾಲು ಹಲ್ಲಿನ ಚಲನೆಯೇ. ಉದ್ದ ಮುಖದವರಲ್ಲಿ ಇನ್ನೊಂದು ಸಮಸ್ಯೆ. ಹಿಂದಿನ ಹಲ್ಲು ಒಂದೆರಡು ಮಿಲಿಮೀಟರ್ ಜಾಸ್ತಿ ಬೆಳೆದರೂ ದವಡೆ ಕೆಳಗೂ ಹಿಂದಕ್ಕೂ ತಿರುಗುತ್ತದೆ. ಗದ್ದ ಮುಂದೆ ಬರಲಿ ಎಂದು ಹಾಕಿದ್ದು, ಅದನ್ನು ಇನ್ನೂ ಹಿಂದೆ ತಳ್ಳುತ್ತದೆ. ಗಿಡ್ಡ ಮುಖದವರಲ್ಲಿ ಬ್ಲಾಕ್ ಕೆರೆದು ಹಿಂದಿನ ಹಲ್ಲು ಮೇಲೆ ಬರಲು ಬಿಡುತ್ತೇವೆ. ನಿಮ್ಮ ಮಗಳಿಗೆ ಕೆರೆಯಬಾರದು, ಹಲ್ಲನ್ನು ಅದುಮಿ ಹಿಡಿಯಬೇಕು. ಆಮೇಲೆ ರಬ್ಬರ್ ಬ್ಯಾಂಡ್ ಕೊಡುವಾಗಲೂ ಅದೇ ಜಾಗ್ರತೆ. ಅಗತ್ಯ ಬಿದ್ದರೆ ಸಣ್ಣ ಸ್ಕ್ರೂ ಹಾಕಿ ದವಡೆ ಹಲ್ಲನ್ನು ಮೇಲಕ್ಕೆ ಒತ್ತುವ ವಿಧಾನವೂ ಇದೆ. ಹುಡುಗಿಯರಿಗೆ 13ರಲ್ಲಿ ಜೋರು ಬೆಳವಣಿಗೆ ಮುಗಿಯುತ್ತಾ ಬಂದಿರಬಹುದು, ಅದನ್ನೂ ನೋಡಿ ನಿರ್ಧರಿಸುತ್ತಾರೆ.

ಕಿನ್ನಿಮೂಲ್ಕಿ ಅಮ್ಮ

ಅರ್ಥವಾಯಿತು ಡಾಕ್ಟ್ರೇ. ಮುಂದಿನ ತಿಂಗಳು ಶುರು ಮಾಡುತ್ತೇವೆ. ಮಧ್ಯದಲ್ಲಿ ನಾನು ಏನೇನು ಗಮನಿಸಬೇಕು?

ದೇರಳಕಟ್ಟೆ ಕ್ಲಿಪ್ ಡಾಕ್ಟ್ರು

ಟಕ್ ಸದ್ದು ಇದ್ದಕ್ಕಿದ್ದಂತೆ ನಿಂತು, ಬಾಯಿಯೂ ಕಮ್ಮಿ ತೆರೆದರೆ ಕೂಡಲೇ ಫೋನ್ ಮಾಡಿ. ಸದ್ದು ಹೋಯಿತಲ್ಲ ಎಂದು ಖುಷಿಪಡುವ ಸಮಯ ಅಲ್ಲ ಅದು. ಡಿಸ್ಕ್ ಮುಂದೆಯೇ ಸಿಕ್ಕಿಕೊಂಡಿರಬಹುದು. ಅವಳ ಮೂರು ಬೆರಳು ನೆಟ್ಟಗೆ ಜೋಡಿಸಿ ಬಾಯೊಳಗೆ ಹೋಗುತ್ತವಾ ಎಂದು ಆಗಾಗ ನೋಡಿ.

ಇನ್ನೊಂದು, ಹಿಂದೆ ತಾಗುತ್ತಿದ್ದ ಮುಂಹಲ್ಲುಗಳ ನಡುವೆ ಹೊಸದಾಗಿ ಸಂದು ಕಂಡರೆ, ಗದ್ದ ಹಿಂದೆ ಹೋದ ಹಾಗೆ ಅನಿಸಿದರೆ ಹೇಳಿ. ಹದಿಹರೆಯದ ಹುಡುಗಿಯರಲ್ಲಿ, ಅದರಲ್ಲೂ ಗದ್ದ ಹಿಂದಿರುವ ಉದ್ದ ಮುಖದವರಲ್ಲಿ, ಅಪರೂಪಕ್ಕೆ ಕಾಂಡೈಲ್ ತಾನಾಗಿ ಕರಗುವುದುಂಟು. ಆಗ ಕ್ಲಿಪ್ಪಿನ ಕೆಲಸ ತಡೆದು ಕೀಲು ಸ್ಥಿರವಾಗುವವರೆಗೆ ಕಾಯಬೇಕು. ಬೆಳಿಗ್ಗೆ ಎದ್ದಾಗ ಮೊಣಕಾಲು, ಬೆರಳಿನ ಗಂಟು ಬಿಗಿದು ಊದಿದರೆ ಮಕ್ಕಳ ಡಾಕ್ಟ್ರಿಗೂ ತೋರಿಸಿ. ಮಕ್ಕಳ ಸಂಧಿವಾತ ದವಡೆ ಕೀಲಿಗೆ ನೋವೇ ಇಲ್ಲದೆ ಬರಬಹುದು.

ಈಗ ತೆಗೆದ ಸೆಫ್, ಒಪಿಜಿಯ ಪ್ರತಿ ನಿಮ್ಮ ಮೊಬೈಲಿನಲ್ಲೂ ಇರಲಿ, ಪ್ರಿಂಟೂ ಇರಲಿ. ಶುರು ಮಾಡುವ ಮೊದಲು ಬಾಯಿ ಎಷ್ಟು ತೆರೆಯುತ್ತದೆ, ಎಡಗಡೆ ಟಕ್ ಇದೆ, ಇಷ್ಟನ್ನು ಕೇಸ್ ಶೀಟಿನಲ್ಲಿ ಬರೆಸಿ. ಮುಂದೆ ಓದಿಗೆಂದು ಮಗಳು ಬೇರೆ ಊರಿಗೆ ಹೋದರೂ ಅಲ್ಲಿನ ಡಾಕ್ಟ್ರಿಗೆ ಹೋಲಿಸಿ ನೋಡಲು ಬೇಕಾಗುವುದು ಅದೇ.